ಎರಡು ಪ್ರೊಸೆಸರ್, ಒಂದು ನಿಧಾನದ ಡಿಸ್ಕ್

ಅಕ್ಕನ ಮಗ ಹೋದ ತಿಂಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿನಿಂದ ಒಂದು ಹಳೆ ಸರ್ವರ್ ಬೋರ್ಡ್ ಹೊತ್ತು ತಂದ. ಊಟದ ತಟ್ಟೆಗಿಂತ ದೊಡ್ಡದು, ನಡುವೆ ಪ್ರೊಸೆಸರ್ ಕೂರಿಸುವ ಎರಡು ಸಾಕೆಟ್. "ಮಾಮ, ಎರಡು ಝಿಯಾನ್ ಪ್ರೊಸೆಸರ್ ಹಾಕ್ತೀನಿ. ಒಟ್ಟು ಹದಿನಾರು ಕೋರ್. ಹಾರುತ್ತೆ, ನೋಡ್ತಿರು" ಅಂದ. ಸಂಜೆ ಎಲ್ಲ ಜೋಡಿಸಿ, ಅಟ್ಟದ ಮೇಲೆ ಬಿದ್ದಿದ್ದ 500 ಜಿಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಸ್ವಿಚ್ ಒತ್ತಿದ. ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಅಕ್ಕ ಕಾಫಿ ಮಾಡಿ ತಂದಳು, ನಾವು ಕುಡಿದು ಲೋಟ ಕೆಳಗಿಟ್ಟೆವು. "ಏನೋ, ಹಾರಿತಾ?" ಎಂದು ಕೇಳಿದಳು.

ಹುಡುಗನ ಮುಖ ನೋಡಿ ಪಾಪ ಅನ್ನಿಸಿತು. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಪ್ರೊಸೆಸರ್ ಎರಡಿದ್ದವು, ಅವುಗಳೊಳಗೆ ಲೆಕ್ಕ ಮಾಡುವ ಕೋರ್ ಹದಿನಾರಿದ್ದವು. ಆದರೆ ಆ ಹದಿನಾರೂ ಕೈಕಟ್ಟಿ ಕುಳಿತು ಒಂದೇ ಒಂದು ಡಿಸ್ಕ್‌ಗಾಗಿ ಕಾಯುತ್ತಿದ್ದವು. ಇಂಥ ಮೆಷೀನ್ ಕಟ್ಟುವವರು ಕೇಳಿಕೊಳ್ಳಬೇಕಾದ ಪ್ರಶ್ನೆ "ಎಷ್ಟು ವೇಗ?" ಅನ್ನೋದಲ್ಲ, "ಎಲ್ಲಿ ಕಾಯುತ್ತಿದೆ?" ಅನ್ನೋದು. ಇದು ನನಗೆ ಗೊತ್ತಾಗಿದ್ದು ಎರಡು ದಶಕ ದುಡ್ಡು ಸುರಿದ ಮೇಲೆ.

ಈ ಹುಚ್ಚು ಹೊಸದೇನೂ ಅಲ್ಲ. 1999ರಲ್ಲಿ ತೈವಾನಿನ ಏಬಿಟ್ ಕಂಪನಿ ಬಿಪಿ6 ಅನ್ನೋ ಮದರ್‌ಬೋರ್ಡ್ ತಂದಿತು. ಅದರಲ್ಲಿ ಎರಡು ಸೆಲೆರಾನ್ ಕೂರಿಸಬಹುದಿತ್ತು. ಇಂಟೆಲ್ ಸೆಲೆರಾನನ್ನು ಮಾಡಿದ್ದೇ ಅಗ್ಗದ ಮನೆ ಕಂಪ್ಯೂಟರ್‌ಗೆ. ಜೋಡಿ ಪ್ರೊಸೆಸರ್ ಬೇಕಿದ್ದವರು ದುಬಾರಿ ಪೆಂಟಿಯಂನ್ನೋ ಝಿಯಾನನ್ನೋ ಕೊಳ್ಳಲಿ ಅನ್ನೋದು ಅವರ ಲೆಕ್ಕ. ಬಿಪಿ6 ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಚಿಪ್‌ಗೆ ಏನೂ ರಿಪೇರಿ ಮಾಡದೆ, ಸುಮ್ನೆ ಎರಡು ಸೆಲೆರಾನ್ ಕೂರಿಸಿದರೆ ಸಾಕಿತ್ತು. 366 ಮೆಗಾಹರ್ಟ್ಸ್‌ನ ಸೆಲೆರಾನ್ ಅಂದರೆ 66ರ ಬಸ್ (ಪ್ರೊಸೆಸರ್, ಮೆಮೊರಿ ನಡುವಿನ ದಾರಿ) ವೇಗಕ್ಕೆ ಐದೂವರೆ ಪಟ್ಟು. ಬಸ್ಸನ್ನು 100ಕ್ಕೆ ಏರಿಸಿದರೆ ಅದೇ ಚಿಪ್ 550ಕ್ಕೆ ಓಡುತ್ತಿತ್ತು, ಅದೃಷ್ಟ ಇದ್ದರೆ. ನಮ್ಮ ಗೆಳೆಯನೊಬ್ಬನ ಅಣ್ಣ ಅಮೆರಿಕದಿಂದ ಒಂದು ಬೋರ್ಡ್ ತಂದುಕೊಟ್ಟಿದ್ದ. ರಾಜಾಜಿನಗರದ ಒಂದು ರೂಮಿನಲ್ಲಿ ನಾಲ್ಕು ಜನ ಅದರ ಸುತ್ತ ಕೂತಿದ್ದು ಇವತ್ತಿಗೂ ನೆನಪಿದೆ. ಮೊದಲು ವಿಂಡೋಸ್ 98 ಹಾಕಿದೆವು. ಅದಕ್ಕೆ ಎರಡನೇ ಪ್ರೊಸೆಸರ್ ಒಂದಿದೆ ಅನ್ನೋದೇ ತಿಳಿಯುತ್ತಿರಲಿಲ್ಲ. ವಿಂಡೋಸ್ ಎನ್‌ಟಿ, ಆಮೇಲೆ ಬಂದ ವಿಂಡೋಸ್ 2000, ಇಲ್ಲವೇ ಲಿನಕ್ಸ್ ಹಾಕಿದರೆ ಮಾತ್ರ ಎರಡೂ ಕೆಲಸಕ್ಕೆ ಇಳಿಯುತ್ತಿದ್ದವು.

2005ರಲ್ಲಿ ಪೆಂಟಿಯಂ ಡಿ, ಅಥ್ಲಾನ್ 64 ಎಕ್ಸ್2 ಬಂದು ಒಂದೇ ಸಾಕೆಟ್‌ನಲ್ಲಿ ಎರಡು ಕೋರ್ ಸಿಗಲು ಶುರುವಾಯಿತು. ಮನೆ ಮಟ್ಟಿಗೆ ಎರಡು ಸಾಕೆಟ್‌ನ ಆಟ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಡೇಟಾ ಸೆಂಟರ್‌ಗಳು ಕೆಲವು ವರ್ಷಕ್ಕೊಮ್ಮೆ ಸರ್ವರ್ ಬದಲಾಯಿಸುತ್ತವೆ. ಹಾಗೆ ಹೊರಬಿದ್ದ ಚಿಪ್‌ಗಳು ಹಳೆ ಸಾಮಾನಿನ ಪೇಟೆಗೆ ಬರುತ್ತವೆ. 2012ರ ಝಿಯಾನ್ ಇ5-2670 ಹೊಸದಾಗಿದ್ದಾಗ ನಮ್ಮಂಥವರು ಬೆಲೆ ಕೇಳುವ ಹಾಗೂ ಇರಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಅದು ರಾಶಿ ರಾಶಿಯಾಗಿ ಪೇಟೆಗೆ ಬಿತ್ತು. ಎಂಟು ಕೋರ್‌ನ ಚಿಪ್ ಅಗ್ಗ, ಅದನ್ನು ಕೂರಿಸುವ ಬೋರ್ಡೇ ದುಬಾರಿ ಅನ್ನೋ ವಿಚಿತ್ರ ಸ್ಥಿತಿ. ನಮ್ಮ ಹುಡುಗ ತಂದದ್ದೂ ಆ ಕಾಲದ್ದೇ.

ಎರಡು ಸಾಕೆಟ್ ಅನ್ನೋದು ಬರೀ ಹವ್ಯಾಸಿಗಳ ಚಟ ಅಂತ ತಿಳಿಯಬೇಡಿ. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ ವೇಗದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದ ಬೀರುಗಳ ಒಳಗೂ ಇರುವುದು ಎರಡೆರಡು ಝಿಯಾನ್ ಕೂತ ಬೋರ್ಡ್‌ಗಳೇ. ಅವರ ಹತ್ತಿರ ಅಂಥವು ನೂರಾರಿವೆ, ನಮ್ಮ ಹತ್ತಿರ ಒಂದು. ಅಷ್ಟೇ ವ್ಯತ್ಯಾಸ ಅಂದುಕೊಂಡರೆ ಮನಸ್ಸಿಗೆ ಸ್ವಲ್ಪ ಸಮಾಧಾನ.

ಎರಡು ಕಾವಲಿಯ ಲೆಕ್ಕ

ಬೆಳಗ್ಗೆ ಎಂಟು ಗಂಟೆಗೆ ಒಂದು ದರ್ಶಿನಿ ಮುಂದೆ ನಿಂತುಕೊಳ್ಳಿ. ಒಂದು ಕಾವಲಿಯಲ್ಲಿ ಒಂದು ಸಲಕ್ಕೆ ಹನ್ನೆರಡು ದೋಸೆ. ಜನ ಜಾಸ್ತಿಯಾದರು ಅಂತ ಮಾಲೀಕ ಇನ್ನೊಂದು ಕಾವಲಿ ಇಟ್ಟು, ಇನ್ನೊಬ್ಬ ಭಟ್ಟರನ್ನು ನಿಲ್ಲಿಸಿದರು. ದೋಸೆ ಇಪ್ಪತ್ತನಾಲ್ಕು ಆಗಬೇಕಲ್ವಾ? ಆಗಬಹುದು, ಆಗದಿರಲೂಬಹುದು.

ಮೊದಲನೆಯದು, ಹಿಟ್ಟಿನ ಪಾತ್ರೆ ಎಲ್ಲಿದೆ? ಬಿಪಿ6 ಕಾಲದಲ್ಲಿ ಪಾತ್ರೆ ಒಂದೇ, ದಾರಿಯೂ ಒಂದೇ. ಎರಡು ಪ್ರೊಸೆಸರ್‌ಗಳೂ ಒಂದೇ ಬಸ್ ಮೂಲಕ ಮೆಮೊರಿಗೆ ಹೋಗಬೇಕು. 100 ಮೆಗಾಹರ್ಟ್ಸ್‌ನ ಆ ಬಸ್ಸಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 800 ಎಂಬಿ ಹೋಗುತ್ತಿತ್ತು. ಅದನ್ನು ಇಬ್ಬರೂ ಹಂಚಿಕೊಳ್ಳಬೇಕು. ಒಬ್ಬ ಸೌಟು ಅದ್ದಿದಾಗ ಇನ್ನೊಬ್ಬ ನಿಲ್ಲಬೇಕು.

2003ರಲ್ಲಿ ಎಎಂಡಿ ಕಂಪನಿಯ ಆಪ್ಟೆರಾನ್ ಪ್ರೊಸೆಸರ್ ಬಂದಾಗ ಈ ಜಗಳಕ್ಕೆ ಒಂದು ದಾರಿ ಕಂಡಿತು. ಮೆಮೊರಿ ನೋಡಿಕೊಳ್ಳುವ ಭಾಗವನ್ನು ಪ್ರೊಸೆಸರ್ ಒಳಗೇ ಇಟ್ಟರು. ಒಂದೊಂದು ಪ್ರೊಸೆಸರ್‌ಗೂ ಅದರದೇ ಮೆಮೊರಿ. ಇಂಟೆಲ್ ಕೂಡ 2008ರ ನೆಹಲೇಮ್‌ನಿಂದ ಅದೇ ದಾರಿ ಹಿಡಿಯಿತು. ಈಗ ದರ್ಶಿನಿಗೆ ಎರಡು ಅಡುಗೆಮನೆ ಬಂತು ಅನ್ನಿ. ಕೆಳಗೊಂದು, ಮಹಡಿ ಮೇಲೊಂದು. ಎರಡಕ್ಕೂ ಬೇರೆ ಬೇರೆ ಉಗ್ರಾಣ. ತನ್ನ ಉಗ್ರಾಣದಲ್ಲಿ ಇದ್ದದ್ದು ಬೇಗ ಸಿಗುತ್ತೆ. ಇನ್ನೊಂದರಲ್ಲಿ ಇದ್ದರೆ ಮೆಟ್ಟಿಲು ಹತ್ತಿ ಇಳಿಯಬೇಕು. ಈ ಮೆಟ್ಟಿಲಿಗೆ ಇಂಟೆಲ್ ಇಟ್ಟ ಹೆಸರು ಕ್ಯೂಪಿಐ. ದೂರದ ಮೆಮೊರಿ, ಹತ್ತಿರದ ಮೆಮೊರಿ ಅನ್ನೋ ಈ ವ್ಯವಸ್ಥೆಗೆ ನ್ಯೂಮಾ ಅನ್ನುತ್ತಾರೆ. ಆಪರೇಟಿಂಗ್ ಸಿಸ್ಟಂ ಜಾಣ ಆಗಿದ್ದರೆ ಕೆಲಸವನ್ನು ಯಾವ ಉಗ್ರಾಣದಲ್ಲಿ ಸಾಮಾನಿದೆಯೋ ಅಲ್ಲೇ ಕೊಡುತ್ತದೆ. ಲಿನಕ್ಸ್ ಇದರಲ್ಲಿ ಪಳಗಿದೆ. ವಿಂಡೋಸ್ ಹಾಕುವವರು ಒಂದು ವಿಷಯ ಗಮನಿಸಿ: ವಿಂಡೋಸ್ 10ರ ಹೋಮ್ ಆವೃತ್ತಿ ಒಂದೇ ಸಾಕೆಟ್ ಬಳಸುತ್ತದೆ, ಎರಡಕ್ಕೂ ಪ್ರೊ ಬೇಕು. ಎರಡನೇ ಪ್ರೊಸೆಸರ್ ಸತ್ತಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋದವರನ್ನು ಕಂಡಿದ್ದೇನೆ. ಸತ್ತಿರಲಿಲ್ಲ, ಹೋಮ್ ಆವೃತ್ತಿ ಅದನ್ನು ಮಾತಾಡಿಸಿರಲಿಲ್ಲ.

ಎರಡನೆಯದು, ಕೂಗಾಟ. ದರ್ಶಿನಿಯಲ್ಲಿ ಎರಡು ಬಿಲ್ ಕೌಂಟರ್ ಇವೆ, ಎರಡರಲ್ಲೂ "ವಡೆ 10 ಉಳಿದಿದೆ" ಅಂತ ಬರೆದುಕೊಂಡಿದ್ದಾರೆ ಅಂದುಕೊಳ್ಳಿ. ಒಂದು ಕೌಂಟರ್‌ನವರು ಮೂರು ಮಾರಿದರು. ಇನ್ನೊಂದು ಕೌಂಟರ್‌ನ ಚೀಟಿ ಈಗ ಸುಳ್ಳು. ಹಾಗಾಗಿ ಮಾರಿದವರು ಜೋರಾಗಿ ಕೂಗಿ ಹೇಳಬೇಕು. ಪ್ರೊಸೆಸರ್‌ನ ಕ್ಯಾಶ್ ಅಂದರೆ ಈ ಚೀಟಿಯೇ. ಮೆಮೊರಿವರೆಗೆ ಹೋಗದೆ ಕೈಹತ್ತಿರ ಬರೆದಿಟ್ಟುಕೊಂಡ ನಕಲು. ಎರಡು ಪ್ರೊಸೆಸರ್ ಒಂದೇ ಮಾಹಿತಿಯನ್ನು ಮತ್ತೆ ಮತ್ತೆ ತಿದ್ದುತ್ತಿದ್ದರೆ ಇಬ್ಬರ ಸಮಯವೂ ಕೂಗಾಟದಲ್ಲೇ ಹೋಗುತ್ತದೆ. ಆಗ ಎರಡು ಪ್ರೊಸೆಸರ್ ಒಂದಕ್ಕಿಂತ ನಿಧಾನ ಆಗುವುದೂ ಉಂಟು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಎಷ್ಟು ಭಟ್ಟರನ್ನು ಇಟ್ಟರೂ ದೋಸೆ ಹಿಟ್ಟು ಹುಳಿ ಬರಲು ರಾತ್ರಿಯಿಡೀ ಬೇಕು. ಈ ಮಾತನ್ನು 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಕಂಪ್ಯೂಟರ್‌ಗೆ ಹೇಳಿದರು. ಒಂದು ಕೆಲಸದ ನೂರಕ್ಕೆ 80 ಭಾಗವನ್ನು ಹಂಚಬಹುದು, 20 ಭಾಗವನ್ನು ಹಂಚಲಾಗದು ಅನ್ನಿ. ಎರಡು ಕೋರ್ ಹಾಕಿದರೆ ವೇಗ ಎರಡು ಪಟ್ಟಲ್ಲ, 1.67 ಪಟ್ಟು. ಹದಿನಾರು ಹಾಕಿದರೆ ನಾಲ್ಕು ಪಟ್ಟು. ಸಾವಿರ ಹಾಕಿದರೂ ಐದನ್ನು ಮುಟ್ಟುವುದಿಲ್ಲ. ಆ 20 ಭಾಗ ಹುಳಿ ಬರುತ್ತಲೇ ಇರುತ್ತದೆ.

ಹಾಗಾದರೆ ಎರಡು ಸಾಕೆಟ್ ಯಾರಿಗೆ? ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ, ವಿಡಿಯೋ ಎನ್‌ಕೋಡ್, ತ್ರೀಡಿ ರೆಂಡರ್ ಮಾಡುವವರಿಗೆ, ಒಂದೇ ಡಬ್ಬದಲ್ಲಿ ಹತ್ತು ವರ್ಚುವಲ್ ಮೆಷೀನ್ (ಕಂಪ್ಯೂಟರ್ ಒಳಗಿನ ಕಂಪ್ಯೂಟರ್) ಓಡಿಸಿ ಕಲಿಯುವವರಿಗೆ. ಇವೆಲ್ಲ ಹಂಚಿ ಮಾಡುವ ಕೆಲಸಗಳು. ಆಟ ಆಡೋದಕ್ಕೆ ಬೇಡವೇ ಬೇಡ. ನೇರವಾಗಿ ಹೇಳಿಬಿಡುತ್ತೇನೆ: ಬರೀ ವೇಗ ಬೇಕಿದ್ದರೆ ಇವತ್ತಿನ ಹದಿನಾರು ಕೋರ್‌ನ ಒಂದು ಎಎಂಡಿ ರೈಜನ್, ಆ ಎರಡು ಹಳೆ ಝಿಯಾನ್‌ಗಳನ್ನು ಕಡಿಮೆ ಕರೆಂಟಿನಲ್ಲಿ ಹಿಂದೆ ಹಾಕುತ್ತದೆ. ಹಳೆ ಜೋಡಿಯ ಬಲ ಇರುವುದು ಬೇರೆ ಕಡೆ. ಮೆಮೊರಿ ಸ್ಲಾಟ್ ಹದಿನಾರು ಇರಬಹುದು. ಒಂದೊಂದು ಪ್ರೊಸೆಸರ್‌ಗೂ 40 ಪಿಸಿಐ ಎಕ್ಸ್‌ಪ್ರೆಸ್ ಲೇನ್ ಇವೆ, ಅಂದರೆ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ ಸಿಕ್ಕಿಸಲು ಬೇಕಾದಷ್ಟು ದಾರಿ. ಉಳಿದದ್ದು ಕಟ್ಟುವ ಖುಷಿ. ಅದನ್ನು ಕಡಿಮೆ ಅಂತ ನಾನು ಹೇಳಲ್ಲ.

ಡಿಸ್ಕ್ ಅನ್ನೋ ಯುಗಾದಿ ಪಾರ್ಸೆಲ್

ಈಗ ಕಾಯುವ ಕಥೆಗೆ ಬರೋಣ. ಪ್ರೊಸೆಸರ್ ತನ್ನ ಪಕ್ಕದ ಕ್ಯಾಶ್‌ನಿಂದ ಏನಾದರೂ ಎತ್ತಿಕೊಳ್ಳಲು ಹೆಚ್ಚುಕಡಿಮೆ ಒಂದು ನ್ಯಾನೊಸೆಕೆಂಡ್ ಸಾಕು. ಮೆಮೊರಿಯಿಂದ ತರಲು ಸುಮಾರು ನೂರು. ಚಿಪ್‌ಗಳಲ್ಲೇ ಮಾಹಿತಿ ಇಡುವ ಒಳ್ಳೆ ಎಸ್‌ಎಸ್‌ಡಿಯಿಂದ ಸುಮಾರು ಒಂದು ಲಕ್ಷ. ಹಾರ್ಡ್ ಡಿಸ್ಕ್‌ನಿಂದ ಒಂದು ಕೋಟಿ ದಾಟಿ, 1.2 ಕೋಟಿ ಆಸುಪಾಸು. ಈ ಸಂಖ್ಯೆಗಳು ಮನಸ್ಸಿಗೆ ಇಳಿಯಲ್ಲ. ಒಂದು ನ್ಯಾನೊಸೆಕೆಂಡನ್ನು ಒಂದು ಸೆಕೆಂಡಿಗೆ ಹಿಗ್ಗಿಸಿ ನೋಡಿ. ಕ್ಯಾಶ್ ಅಂದರೆ ಮೇಜಿನ ಮೇಲಿನ ಪೆನ್ನು ಎತ್ತಿಕೊಂಡ ಹಾಗೆ. ಮೆಮೊರಿ ಅಂದರೆ ಒಂದೂವರೆ ನಿಮಿಷ, ಬೀದಿ ಮೂಲೆಯ ಅಂಗಡಿಯಿಂದ ಕಾಫಿಪುಡಿ ತಂದ ಹಾಗೆ. ಎಸ್‌ಎಸ್‌ಡಿ ಅಂದರೆ ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ. ಹಾರ್ಡ್ ಡಿಸ್ಕ್? ನೂರಮೂವತ್ತೆಂಟು ದಿನ. ಯುಗಾದಿಗೆ ಆರ್ಡರ್ ಮಾಡಿದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದು ಬಾಗಿಲು ತಟ್ಟುತ್ತದೆ.

ಇಷ್ಟು ತಡ ಯಾಕೆ? ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಒಂದು ತೋಳು ಅದರ ಮೇಲೆ ಒಳಗೂ ಹೊರಗೂ ಓಡಾಡುತ್ತದೆ. ಮೊದಲು ತೋಳು ಸರಿಯಾದ ಸುತ್ತಿಗೆ ಹೋಗಬೇಕು. ಇದು ಸೀಕ್. ಸಾಮಾನ್ಯ ಡ್ರೈವ್‌ನಲ್ಲಿ 8ರಿಂದ 9 ಮಿಲಿಸೆಕೆಂಡ್. ಆಮೇಲೆ ಬೇಕಾದ ಜಾಗ ತಿರುಗಿಕೊಂಡು ತೋಳಿನ ಕೆಳಗೆ ಬರುವವರೆಗೆ ಕಾಯಬೇಕು. ಏರ್‌ಪೋರ್ಟ್‌ನ ಲಗೇಜ್ ಬೆಲ್ಟ್ ಹಾಗೆ. ನಿಮ್ಮ ಪೆಟ್ಟಿಗೆ ಈಗತಾನೇ ಮುಂದೆ ಹೋಗಿದ್ದರೆ ಪೂರ್ತಿ ಒಂದು ಸುತ್ತು ಕಾಯಬೇಕು, ಅದೃಷ್ಟ ಇದ್ದರೆ ಕಾಲಬುಡದಲ್ಲೇ ಇರುತ್ತದೆ. ಸರಾಸರಿ ಅರ್ಧ ಸುತ್ತು. ನಿಮಿಷಕ್ಕೆ 7,200 ಸುತ್ತುವ ಡ್ರೈವ್‌ನಲ್ಲಿ ಅರ್ಧ ಸುತ್ತು ಅಂದರೆ 4.17 ಮಿಲಿಸೆಕೆಂಡ್. 5,400ರಲ್ಲಿ 5.56. 10,000ದಲ್ಲಿ 3. 15,000ದಲ್ಲಿ ಬರೀ 2.

ಈ 15,000 ಅನ್ನೋದು ಒಂದು ಕಾಲದಲ್ಲಿ ನಮಗೆ ಜಪದ ಮಂತ್ರ ಆಗಿತ್ತು. ಸೀಗೇಟ್‌ನ ಚೀಟಾ 1996ರಲ್ಲಿ 10,000 ಮುಟ್ಟಿತು, ಚೀಟಾ ಎಕ್ಸ್15 2000ದಲ್ಲಿ 15,000 ಮುಟ್ಟಿತು. ಸೀಕ್ ಸುಮಾರು 4 ಮಿಲಿಸೆಕೆಂಡ್. ಅಷ್ಟು ವೇಗವಾಗಿ ತಿರುಗಿಸಿದರೆ ತಟ್ಟೆ ಕಾದುಹೋಗುತ್ತದೆ ಅಂತ ಡಬ್ಬ ಮೂರೂವರೆ ಇಂಚಿನದಾದರೂ ಒಳಗಿನ ತಟ್ಟೆಯನ್ನು ಚಿಕ್ಕದು ಮಾಡಿದ್ದರು. ತಟ್ಟೆ ಚಿಕ್ಕದಾದ್ದರಿಂದ ತೋಳು ಓಡಬೇಕಾದ ದೂರವೂ ಕಮ್ಮಿ. ಇವೆಲ್ಲ ಸ್ಕಸಿ (ಸರ್ವರ್‌ಗಳಲ್ಲಿ ಬಳಸುತ್ತಿದ್ದ ಜೋಡಣೆ ಪದ್ಧತಿ) ಡ್ರೈವ್‌ಗಳು. ಬೇರೆ ಕಂಟ್ರೋಲರ್ ಕಾರ್ಡ್, 68 ಪಿನ್ನಿನ ಅಗಲ ಕೇಬಲ್, ಕೊನೆಯಲ್ಲಿ ಸಂಕೇತ ತಿರುಗಿ ಬರದಂತೆ ತಡೆಯುವ ಟರ್ಮಿನೇಟರ್. ಟರ್ಮಿನೇಟರ್ ಮರೆತರೆ ಡ್ರೈವ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣಲ್ಲ. ಮನೆಯವರ ಪಾಲಿಗೆ ಅದು ರಾತ್ರಿಯೆಲ್ಲ ಕೀರಲು ಕೂಗುವ ಡಬ್ಬ. 2003ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರ‍್ಯಾಪ್ಟರ್ ಬಂದ ಮೇಲೆ ಮನೆ ಕಂಪ್ಯೂಟರ್‌ಗಳ ಸಾದಾ ಸಾಟಾ ಕೇಬಲ್‌ನಲ್ಲೇ 10,000 ಸಿಕ್ಕಿತು. ಜಾಗ ಮಾತ್ರ 36 ಜಿಬಿ.

ಲೆಕ್ಕ ಹಾಕಿ ನೋಡಿ. 7,200ರ ಡ್ರೈವ್‌ಗೆ ಒಂದು ಬೇಡಿಕೆಗೆ ಸುಮಾರು 12ರಿಂದ 13 ಮಿಲಿಸೆಕೆಂಡ್. ಸೆಕೆಂಡಿಗೆ 80 ಬೇಡಿಕೆ. 15,000ದ್ದಕ್ಕೆ 6 ಮಿಲಿಸೆಕೆಂಡ್, ಸೆಕೆಂಡಿಗೆ 165 ಆಸುಪಾಸು. ಅಷ್ಟು ಸದ್ದು, ಅಷ್ಟು ಬಿಸಿ, ಅಷ್ಟು ಖರ್ಚು ಎಲ್ಲ ಸೇರಿ ಬಂದ ಲಾಭ ಎರಡು ಪಟ್ಟು.

ಇಲ್ಲೇ ಜನ ಎಡವುವುದು. ಡಬ್ಬದ ಮೇಲೆ "ಸೆಕೆಂಡಿಗೆ 200 ಎಂಬಿ" ಅಂತ ಬರೆದಿರುತ್ತಾರೆ. ಅದು ಸುಳ್ಳಲ್ಲ. ಒಂದು ಸಿನಿಮಾ ಫೈಲನ್ನು ಒಂದೇ ಸಮನೆ ಓದಿದರೆ ಅಷ್ಟು ಬರುತ್ತದೆ, ಅದೂ ತಟ್ಟೆಯ ಹೊರ ಅಂಚಿನಲ್ಲಿ. ಒಳ ಅಂಚಿಗೆ ಬಂದಾಗ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಒಳ ಸುತ್ತು ಚಿಕ್ಕದು. ಆದರೆ ಕಂಪ್ಯೂಟರ್ ಏಳುವಾಗ ಓದುವುದು ಸಿನಿಮಾ ಅಲ್ಲ. ಎಲ್ಲೆಲ್ಲೋ ಚದುರಿದ ಸಾವಿರಾರು ಪುಟ್ಟ ತುಣುಕು. ಒಂದೊಂದು 4 ಕೆಬಿ ಅಂದುಕೊಂಡರೆ, ಸೆಕೆಂಡಿಗೆ 80 ಸಲ 4 ಕೆಬಿ ಅಂದರೆ 320 ಕೆಬಿ. 200 ಎಂಬಿ ಎಲ್ಲಿ, 320 ಕೆಬಿ ಎಲ್ಲಿ! ಬಸ್ಸಿನಲ್ಲಿ ಎಷ್ಟು ಸೀಟಿದೆ ಅನ್ನೋದು ಒಂದು, ಸ್ಟಾಪಿನಲ್ಲಿ ಎಷ್ಟು ಹೊತ್ತು ಕಾಯಬೇಕು ಅನ್ನೋದು ಇನ್ನೊಂದು. ಮೆಜೆಸ್ಟಿಕ್‌ನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಡಿಸ್ಕ್ ಸೇರಿಸಿ ರೇಡ್ 0 ಮಾಡೋ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಮಾಹಿತಿಯನ್ನು ಸೀಳಿ ಅರ್ಧ ಇಲ್ಲಿ, ಅರ್ಧ ಅಲ್ಲಿ ಇಡುವ ವಿಧಾನ. ದೊಡ್ಡ ಫೈಲ್ ಎರಡು ಪಟ್ಟು ಬೇಗ ಬರುತ್ತದೆ, ನಿಜ. ಆದರೆ ಒಂದು ಪುಟ್ಟ ತುಣುಕಿಗೆ ಕಾಯುವ ಸಮಯ ಒಂದಿಷ್ಟೂ ಕಮ್ಮಿಯಾಗಲ್ಲ. ಒಟ್ಟಿಗೆ ಎರಡು ಬಸ್ ಬಿಟ್ಟರೆ ಬಸ್ ಬೇಗ ಬರುತ್ತಾ? ಅಪಾಯ ಮಾತ್ರ ಎರಡರಷ್ಟು. ಒಂದು ಡಿಸ್ಕ್ ಹೋದರೆ ಎರಡರಲ್ಲಿದ್ದದ್ದೂ ಹೋಯಿತು. ನಾನು ಎರಡು ಡ್ರೈವ್ ಹಾಕಿ ಒಂದು ವರ್ಷ ಮೆರೆದೆ. ಒಂದು ಬೆಳಗ್ಗೆ ಅದರಲ್ಲೊಂದು ಟಿಕ್ ಟಿಕ್ ಅಂದಿತು. ಅಕ್ಕನ ಮದುವೆಯ ಫೋಟೋಗಳು ಅದರಲ್ಲಿದ್ದವು. ಅವಳು ಇವತ್ತಿಗೂ ಆ ವಿಷಯ ಎತ್ತುತ್ತಾಳೆ.

ಹಾರ್ಡ್ ಡಿಸ್ಕ್‌ಗೂ ಬುದ್ಧಿ ಇದೆ ಅನ್ನಿ. ಯುಟಿಲಿಟಿ ಬಿಲ್ಡಿಂಗ್‌ನ ಲಿಫ್ಟ್ ಯಾರು ಮೊದಲು ಗುಂಡಿ ಒತ್ತಿದರು ಅಂತ ನೋಡುವುದಿಲ್ಲ, ಹೋಗುವ ದಾರಿಯಲ್ಲಿ ಇದ್ದವರನ್ನು ಹತ್ತಿಸಿಕೊಳ್ಳುತ್ತದೆ. ಡ್ರೈವ್ ಕೂಡ ಬೇಡಿಕೆಗಳನ್ನು ಸಾಲಾಗಿ ಇಟ್ಟುಕೊಂಡು, ತೋಳಿಗೆ ಅನುಕೂಲ ಆಗುವ ಕ್ರಮದಲ್ಲಿ ಮುಗಿಸುತ್ತದೆ. ಸ್ಕಸಿಯಲ್ಲಿ ಇದು ಮೊದಲೇ ಇತ್ತು, ಸಾಟಾದಲ್ಲಿ ಆಮೇಲೆ ಬಂತು. ಸಾಟಾದ ಸಾಲಿನಲ್ಲಿ 32 ಬೇಡಿಕೆ ನಿಲ್ಲಬಹುದು. ಒಂದೇ ಸಾಲು.

ಎರಡು ಪ್ರೊಸೆಸರ್ ಕಟ್ಟುವವರಿಗೆ ಡಿಸ್ಕ್ ಆಯ್ಕೆ ಬೇರೆಯವರಿಗಿಂತ ಮುಖ್ಯ ಯಾಕೆ ಅನ್ನೋದು ಇಲ್ಲಿ ಗೊತ್ತಾಗುತ್ತದೆ. ಹದಿನಾರು ಕೋರ್ ಒಟ್ಟಿಗೆ ಕೈಚಾಚಿದರೆ ಆ ಒಂದೇ ಕೌಂಟರ್ ಮುಂದೆ ನೂಕುನುಗ್ಗಲು. 2011ರಲ್ಲಿ ಎಸ್‌ಎಸ್‌ಡಿಗಳಿಗಾಗಿ ಬಂದ ಎನ್‌ವಿಎಂಇ ಅನ್ನೋ ಪದ್ಧತಿ ಇದಕ್ಕೇ ಹುಟ್ಟಿದ್ದು ಅಂದರೂ ನಡೆಯುತ್ತದೆ. ಅದರಲ್ಲಿ ಅರವತ್ತು ಸಾವಿರಕ್ಕೂ ಜಾಸ್ತಿ ಸಾಲುಗಳಿಗೆ ಅವಕಾಶ ಇದೆ. ಅಷ್ಟನ್ನು ಯಾವ ಡ್ರೈವೂ ಕೊಡಲ್ಲ, ಕೊಡಬೇಕಾಗಿಯೂ ಇಲ್ಲ. ಕೋರ್‌ಗೊಂದು ಸಾಲು ಸಿಕ್ಕರೆ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿಗೆ ನಿಲ್ಲುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 3ರ ನಾಲ್ಕು ಲೇನ್ ಬಳಸುವ ಎನ್‌ವಿಎಂಇ 3,500 ಎಂಬಿವರೆಗೆ ಹೋಗುತ್ತದೆ. ಆದರೆ ನನ್ನ ಅನುಭವ ಕೇಳಿದರೆ, ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಆಶ್ಚರ್ಯ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗಲ್ಲ. ದುಡ್ಡು ಕಮ್ಮಿ ಇದ್ದರೆ ಮೊದಲನೇ ಮೆಟ್ಟಿಲು ಹತ್ತಿ, ಎರಡನೆಯದು ಕಾಯಲಿ.

ಎಸ್.ಪಿ. ರೋಡಿಗೆ ಹೋಗುವ ಮುನ್ನ

ಟೌನ್ ಹಾಲ್ ಹತ್ತಿರದ ಈ ರಸ್ತೆಯ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಹಾಗೆ ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ಅಲ್ಲಿ ಒಳ್ಳೆಯದೂ ಸಿಗುತ್ತೆ, ಟೋಪಿಯೂ ಸಿಗುತ್ತೆ. ನನಗೆ ಒಬ್ಬರು "ಬಾಸ್, ಸೀಲ್ ಪೀಸ್" ಅಂತ ಕೊಟ್ಟ ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ದಾಖಲೆ (ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ಲೆಕ್ಕ) ತೆಗೆದು ನೋಡಿದರೆ, ಅದು ಆಗಲೇ ನಲವತ್ತು ಸಾವಿರ ಗಂಟೆ ಓಡಿತ್ತು. ನಾಲ್ಕೂವರೆ ವರ್ಷ. ಹಾಗಾಗಿ ಡಿಸ್ಕ್ ಕೊಳ್ಳುವಾಗ ಲ್ಯಾಪ್‌ಟಾಪ್ ಜೊತೆಗಿರಲಿ. ಎಷ್ಟು ಗಂಟೆ ಓಡಿದೆ, ಕೆಟ್ಟ ಜಾಗ ಎಷ್ಟು ಬದಲಾಗಿದೆ, ಎಷ್ಟು ಬದಲಾಗಲು ಕಾದಿದೆ, ಈ ಮೂರು ಅಂಕಿ ನೋಡಿ. ಕೊನೆಯ ಎರಡು ಸೊನ್ನೆ ಇಲ್ಲದಿದ್ದರೆ ಕೈ ಮುಗಿದು ವಾಪಸ್ ಕೊಡಿ.

ಅಗ್ಗಕ್ಕೆ ಸಿಗುವ 15,000ದ ಎಸ್‌ಎಎಸ್ (ಸ್ಕಸಿಯ ಹೊಸ ರೂಪ) ಡ್ರೈವ್ ನೋಡಿ ಬಾಯಲ್ಲಿ ನೀರು ಬರಬಹುದು. ಅದು ಸಾಟಾ ಪೋರ್ಟಿಗೆ ಕೂರುವುದೇ ಇಲ್ಲ, ಬೇರೆ ಕಾರ್ಡ್ ಬೇಕು. ಸಾಟಾ ಡ್ರೈವ್ ಎಸ್‌ಎಎಸ್ ಕಾರ್ಡಿಗೆ ಕೂರುತ್ತದೆ, ತಿರುಗುಮುರುಗು ಆಗಲ್ಲ. ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಕಿತ್ತ ಕೆಲವು ಡ್ರೈವ್‌ಗಳಲ್ಲಿ ಸೆಕ್ಟರ್ ಅನ್ನೋ ಒಂದೊಂದು ತುಣುಕಿನಲ್ಲಿ 512ರ ಬದಲು 520 ಬೈಟ್ ಇರುತ್ತದೆ. ಅವನ್ನು ಮೊದಲು ಕೆಳಮಟ್ಟದಿಂದ ಫಾರ್ಮ್ಯಾಟ್ ಮಾಡಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಸೆಕೆಂಡಿಗೆ 165 ಬೇಡಿಕೆ. ಒಂದು ಸಾದಾ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ ಕೊಡುತ್ತದೆ. ಹಳೆ ಪ್ರೀತಿಗೆ ಕೊಳ್ಳಿ, ವೇಗಕ್ಕೆ ಬೇಡ.

ಹಾರ್ಡ್ ಡಿಸ್ಕ್ ಬೇಕಾಗುವುದು ಈಗ ತುಂಬಿಡಲು ಮಾತ್ರ. ಅದರಲ್ಲೂ ಎಸ್‌ಎಂಆರ್ ಅನ್ನೋ ಬಗೆ ಇದೆ, ಎಚ್ಚರ. ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಸುತ್ತುಗಳನ್ನು ಬರೆದಿರುತ್ತಾರೆ. ಜಾಗ ಉಳಿಯುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಹತ್ತಿದವನ್ನೂ ಎತ್ತಿ ಮತ್ತೆ ಜೋಡಿಸಬೇಕು. ಫೋಟೋ, ಸಿನಿಮಾ ಇಟ್ಟು ಮರೆಯಲು ಅಡ್ಡಿಯಿಲ್ಲ. ರೇಡ್‌ಗೆ, ವರ್ಚುವಲ್ ಮೆಷೀನ್‌ಗೆ ಹಾಕಿದರೆ ತಲೆ ಚಚ್ಚಿಕೊಳ್ಳುತ್ತೀರಿ. ಸುತ್ತುಗಳು ಒಂದರ ಮೇಲೊಂದು ಹತ್ತದ ಸಿಎಂಆರ್ ಅಂತ ಕೇಳಿ ತನ್ನಿ.

ಎಸ್‌ಎಸ್‌ಡಿಯಲ್ಲೂ ಒಂದು ಮೋಸ ಇದೆ. ಅಗ್ಗದ ಕ್ಯೂಎಲ್‌ಸಿ (ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ) ಡ್ರೈವ್‌ಗಳು ಮೊದಲು ಬರೆದದ್ದನ್ನು ಒಂದು ವೇಗದ ಭಾಗದಲ್ಲಿ ತುಂಬಿಕೊಳ್ಳುತ್ತವೆ. ಅದು ತುಂಬಿದ ಮೇಲೆ ಕೆಲವು ಹಾರ್ಡ್ ಡಿಸ್ಕ್‌ಗಿಂತ ಕೆಳಗಿಳಿಯುತ್ತವೆ. ಅಂಗಡಿಯವರು ತೋರಿಸುವ ಪರೀಕ್ಷೆ ಒಂದು ಜಿಬಿಯದು, ಆಗ ಎಲ್ಲವೂ ಕುದುರೆಯೇ. ಸರ್ವರ್‌ನಿಂದ ಬಂದ ಹಳೆ ಎಸ್‌ಎಸ್‌ಡಿ, ಆಯುಷ್ಯ ಸಾಕಷ್ಟು ಉಳಿದಿದ್ದರೆ, ನನಗೆ ಇಷ್ಟ. ಅವುಗಳಲ್ಲಿ ಬಹಳಷ್ಟಕ್ಕೆ ಒಳಗೆ ಕೆಪಾಸಿಟರ್ ಇರುತ್ತದೆ, ಕರೆಂಟ್ ಹೋದಾಗ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು. ಮಳೆ ಹನಿ ಬಿದ್ದ ಕೂಡಲೇ ಕರೆಂಟ್ ಹೋಗುವ ನಮ್ಮ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ.

ಬೋರ್ಡ್ ಕೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ ಸಾಕೆಟ್ ನೋಡಿ. ಈ ಝಿಯಾನ್‌ಗಳಲ್ಲಿ 2011 ಪಿನ್ನುಗಳೂ ಬೋರ್ಡಿನಲ್ಲೇ ಇರುತ್ತವೆ. ಒಂದು ಬಾಗಿದ್ದರೂ ಒಂದು ಮೆಮೊರಿ ಚಾನೆಲ್ (ಮೆಮೊರಿಗೆ ಹೋಗುವ ದಾರಿ) ಹೋಗಬಹುದು. ಬೋರ್ಡಿನ ಅಳತೆ 12 ಇಂಚು ಉದ್ದ, 13 ಇಂಚು ಅಗಲ ಇರುವುದು ಮಾಮೂಲು, ಮನೆಯ ಕ್ಯಾಬಿನೆಟ್‌ಗೆ ಹಿಡಿಸಲ್ಲ. ಕೂಲರ್ ಕೂರಿಸುವ ಚೌಕಟ್ಟು ಎರಡು ಬಗೆ, ಚೌಕ ಮತ್ತು ಉದ್ದನೆಯದು. ನೋಡದೆ ತಂದರೆ ಮತ್ತೊಂದು ಓಡಾಟ. ಪವರ್ ಸಪ್ಲೈನಲ್ಲಿ ಪ್ರೊಸೆಸರ್‌ಗೆ ಎಂಟು ಪಿನ್ನಿನ ಕೇಬಲ್ ಎರಡು ಬೇಕು. ಮೆಮೊರಿ ರಿಜಿಸ್ಟರ್ಡ್ ಇಸಿಸಿ (ತಪ್ಪು ಸರಿಪಡಿಸುವ ಸರ್ವರ್ ಮೆಮೊರಿ), ಸಾದಾ ಮೆಮೊರಿ ಜೊತೆ ಬೆರೆಸಬೇಡಿ. ಎರಡೂ ಪ್ರೊಸೆಸರ್‌ಗಳಿಗೆ ನಾಲ್ಕು ನಾಲ್ಕು ಕಡ್ಡಿ ಹಂಚಿ ಹಾಕಿ. ಒಂದೇ ದೊಡ್ಡ ಕಡ್ಡಿ ಹಾಕಿದರೆ ನಾಲ್ಕು ದಾರಿಯಲ್ಲಿ ಮೂರು ಖಾಲಿ ಹೊಡೆಯುತ್ತವೆ. ಇನ್ನು ಚಿಪ್‌ನ ಹೆಸರಿನಲ್ಲಿ ಡ್ಯಾಷ್ ಆದಮೇಲೆ ಬರುವ ಮೊದಲ ಅಂಕಿ ಮುಖ್ಯ. ಇ5-2670ರ 2 ಅಂದರೆ ಎರಡು ಸಾಕೆಟ್‌ಗೆ ಆಗುತ್ತದೆ. ಇ5-1600 ಸಾಲಿನದು ಜೋಡಿಯಾಗಲ್ಲ. ಎರಡು ತಂದರೂ ಒಂಟಿಯೇ.

ನಮ್ಮ ಹುಡುಗ ಇದನ್ನೆಲ್ಲ ಅರ್ಧ ಕೇಳಿದ, ಅರ್ಧ ತಾನೇ ಎಡವಿ ಕಲಿತ. ಎನ್‌ವಿಎಂಇ ತಂದು ಒಂದು ಅಡಾಪ್ಟರ್‌ನಲ್ಲಿ ಸಿಕ್ಕಿಸಿದ. ಆ ಕಾಲದ ಬೋರ್ಡ್‌ಗೆ ಎನ್‌ವಿಎಂಇಯಿಂದ ಏಳಲು ಬರಲಿಲ್ಲ. ಹಾಗಾಗಿ ಆಪರೇಟಿಂಗ್ ಸಿಸ್ಟಂ ಒಂದು ಸಾಟಾ ಎಸ್‌ಎಸ್‌ಡಿಯಲ್ಲಿ, ಕೆಲಸದ ಫೈಲ್‌ಗಳು ಎನ್‌ವಿಎಂಇಯಲ್ಲಿ ಅಂತ ರಾಜಿ ಆಯಿತು. ಒಂದು ದಿನ ಎರಡನೇ ಪ್ರೊಸೆಸರ್ ಕಿತ್ತು ಬಿಸಿ ದಾಟಿಸುವ ಪೇಸ್ಟ್ ಬದಲಿಸಲು ಹೋದ, ಒಂದೇ ಪ್ರೊಸೆಸರ್‌ನಲ್ಲಿ ಆನ್ ಮಾಡಿದರೆ ಎನ್‌ವಿಎಂಇ ಮಾಯ! ಹೆದರಿ ನನಗೆ ಫೋನ್ ಮಾಡಿದ. ಆ ಸ್ಲಾಟ್‌ನ ಲೇನ್‌ಗಳು ಎರಡನೇ ಪ್ರೊಸೆಸರ್‌ನವು. ಅದು ಕೂತರೆ ಮಾತ್ರ ಸ್ಲಾಟ್‌ಗೆ ಜೀವ.

ಈಗ ಅದು ಓಡುತ್ತಿದೆ. ಒಂದೊಂದು ಪ್ರೊಸೆಸರ್ 115 ವಾಟ್‌ನದು. ಎಲ್ಲ ಸೇರಿ ಕೆಲಸದ ಹೊತ್ತಿನಲ್ಲಿ 300 ವಾಟ್ ಎಳೆಯುತ್ತದೆ ಅಂದುಕೊಂಡರೆ, ದಿನಕ್ಕೆ ಹತ್ತು ಗಂಟೆಗೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು. ಅಕ್ಕ ಈ ಲೆಕ್ಕವನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾಳೆ. ಅವಳ ಮದುವೆಯ ಫೋಟೋ, ನೆಂಟರ ಹತ್ತಿರ ಬೇಡಿ ಒಟ್ಟು ಮಾಡಿದಷ್ಟು, ಆ 500 ಜಿಬಿ ಡಿಸ್ಕ್‌ನಲ್ಲಿ ಒಂದು ಪ್ರತಿ, ಬೇರೆ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇದೆ. ಮೆಷೀನ್ ಏಳುವಾಗ ಈಗಲೂ ಒಂದೆರಡು ನಿಮಿಷ ಹಿಡಿಯುತ್ತದೆ. ಅದು ಡಿಸ್ಕ್ ಅಲ್ಲ. ಸರ್ವರ್ ಬೋರ್ಡ್ ತನ್ನ ಮೆಮೊರಿಯನ್ನೆಲ್ಲ ಪರೀಕ್ಷಿಸದೆ ಏಳುವುದಿಲ್ಲ, ಅದಕ್ಕೆ ಎಸ್.ಪಿ. ರೋಡಿನಲ್ಲಿ ಯಾವ ಸಾಮಾನೂ ಸಿಗಲ್ಲ. ಅಷ್ಟು ಹೊತ್ತಿನಲ್ಲಿ ಅಕ್ಕನಿಗೆ ಕಾಫಿಗೆ ಹಾಲು ಇಡಲು ಆಗುತ್ತದೆ. ಉಕ್ಕುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತದೆ.